ಜೇಬಿನ ರಿವಾಲ್ವರ್: ರೂಗರ್ ಎಲ್‌ಸಿಆರ್ ಜೊತೆ ಹದಿನಾಲ್ಕು ತಿಂಗಳು

ಹ್ಯೂಸ್ಟನ್‌ನ ಅಂಚಿನಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ ಇದೆ. ಅಕ್ಕಿ, ಬೇಳೆ, ರಾಗಿ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ, ಹಬ್ಬದ ವಾರದಲ್ಲಿ ಬಾಳೆ ಎಲೆ. ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕಿ, ಗಲ್ಲಾ ಎಣಿಸಿ, ಹಣದ ಚೀಲ ಹಿಡಿದು ಹಿಂದಿನ ಬಾಗಿಲಿಂದ ಕಾರಿಗೆ ಹೋಗುವವಳು ನಾನು. ಕಾರಿಗೆ ನಲವತ್ತು ಹೆಜ್ಜೆ. ನಡುವೆ ಕಸದ ದೊಡ್ಡ ಡಬ್ಬಿ, ಒಂದೇ ಒಂದು ದೀಪ. ಎರಡು ವರ್ಷದ ಹಿಂದೆ ಅದೇ ಜಾಗದಲ್ಲಿ ಪಕ್ಕದ ಅಂಗಡಿಯ ಹಿರಿಯರನ್ನು ಇಬ್ಬರು ತಡೆದು ನಿಲ್ಲಿಸಿದರು. ಹಿರಿಯರು ಹಣ, ಫೋನು, ಕಾರಿನ ಕೀ ಎಲ್ಲ ಕೊಟ್ಟುಬಿಟ್ಟರು. ಕೊಟ್ಟ ಮೇಲೂ ತಲೆಗೆ ಪೆಟ್ಟು ಬಿತ್ತು.

ಆವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಹಣ ಕೇಳಿದರೆ ನಾನೂ ಕೊಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ, ಗಲ್ಲಾದ ದುಡ್ಡಿಗೆ ಯಾರ ಜೀವವೂ ಸಮ ಅಲ್ಲ. ಆದರೆ ಕೊಟ್ಟ ಮೇಲೂ ಬಿಡದಿದ್ದರೆ? ಆ ಒಂದು ಹೊತ್ತಿಗೆ ಬೇಕು ಅಂತ ಜೇಬಿನಲ್ಲಿ ಇಟ್ಟುಕೊಳ್ಳುವಂಥ ಸಣ್ಣ ಬಂದೂಕು ಹುಡುಕಲು ಹೊರಟೆ. ಸರಿಯಾದದ್ದು ಸಿಗುವುದಕ್ಕೆ ಒಂದು ತಪ್ಪು ಖರೀದಿ, ಸುಮಾರು ಏಳು ತಿಂಗಳು ಮತ್ತು ಒಂದಿಷ್ಟು ಕೈನೋವು ಬೇಕಾಯಿತು. ಇಲ್ಲಿ ಅಂಗಡಿ, ಪೆಟ್ರೋಲ್ ಬಂಕ್, ಮೋಟೆಲ್ ನಡೆಸುವ ನಮ್ಮವರು ಕೆಲವರು ನನ್ನನ್ನು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಮೂಡಿಗೆರೆ ಕಡೆ ತೋಟದ ಮನೆಯಲ್ಲಿ. ಅಜ್ಜನ ಹತ್ತಿರ ಲೈಸೆನ್ಸ್ ಇದ್ದ ಒಂಟಿನಳಿಗೆ ಕೋವಿ ಇತ್ತು. ಟ್ರಿಗರ್‌ಗೆ ಅವರು ಕುದುರೆ ಅನ್ನುತ್ತಿದ್ದರು. ಆಯುಧ ಪೂಜೆಯ ದಿನ ಅದನ್ನು ಒರೆಸಿ, ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಮಣೆ ಮೇಲೆ ಮಲಗಿಸುತ್ತಿದ್ದರು. ತೋಟಾ ಬೇರೆ ಪೆಟ್ಟಿಗೆಯಲ್ಲಿ, ಕೋವಿ ಬೇರೆ ಕೋಣೆಯಲ್ಲಿ. "ಕೋವಿ ಖಾಲಿ ಇದೆ ಅಂತ ಯಾರು ಹೇಳಿದ್ರೂ ನಂಬಬೇಡ, ನೀನೇ ಬಿಚ್ಚಿ ನೋಡು" ಅಂತ ಹೇಳಿಕೊಟ್ಟಿದ್ದರು. ಇಲ್ಲಿನ ತರಗತಿಯಲ್ಲಿ ಬೋಧಕರು ಮೊದಲು ಹೇಳಿದ್ದೂ ಅದೇ ಮಾತು. ಆದರೆ ತೋಟದ ಕೋವಿಗೂ ಜೇಬಿನ ಪಿಸ್ತೂಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕೋವಿಗೆ ಉದ್ದ ನಳಿಗೆ, ಭುಜಕ್ಕೆ ಒರಗುವ ಮರದ ಹಿಡಿ, ಮೂರು ಕೆಜಿ ತೂಕ. ಅದು ಒದ್ದರೂ ಮೈ ತಡೆದುಕೊಳ್ಳುತ್ತದೆ. ಜೇಬಿನ ಬಂದೂಕಿಗೆ ಇದ್ಯಾವುದೂ ಇಲ್ಲ. ಒದೆತ ಎಲ್ಲ ಹೆಬ್ಬೆರಳಿನ ಬುಡಕ್ಕೆ.

ನನ್ನ ಮೊದಲ ತಪ್ಪು ಅಂದರೆ ಕೌಂಟರಿನ ಮಾತು ಕೇಳಿದ್ದು. ಒಂದು ಬಂದೂಕಿನ ಅಂಗಡಿಗೆ ಹೋದೆ, ಹೆಸರು ಬೇಡ. ಹೆಂಗಸು ಅಂತ ನೋಡಿದ ತಕ್ಷಣ ಅಲ್ಲಿದ್ದವರು ಗಾಜಿನ ಪೆಟ್ಟಿಗೆಯಿಂದ ಅತಿ ಚಿಕ್ಕದೊಂದು ಪಾಯಿಂಟ್ 380 (ಇದು ಗುಂಡಿನ ಅಳತೆ) ಪಿಸ್ತೂಲು ತೆಗೆದು ಮುಂದಿಟ್ಟರು. "ನಿಮ್ಮ ಕೈಗೆ ಇದೇ ಸರಿ, ಹಗುರ ಇದೆ, ಚಿಕ್ಕ ಗುಂಡು, ಒದೆಯಲ್ಲ" ಅಂದರು. ಕೈಗೆ ತಗೊಂಡರೆ ಮೊಬೈಲ್ ಫೋನಿನಷ್ಟೇ ಇತ್ತು. ಜೇಬಿಗೆ ಹಾಕಿದರೆ ಗೊತ್ತೇ ಆಗಲಿಲ್ಲ. ಕೊಂಡುಬಿಟ್ಟೆ. ಒಂದು ಗುಂಡೂ ಹಾರಿಸಿ ನೋಡದೆ ಕೊಂಡೆ, ಅದೇ ನನಗೆ ಇವತ್ತಿಗೂ ಬೇಸರ.

ಮೊದಲ ದಿನ ರೇಂಜ್‌ನಲ್ಲಿ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗದಲ್ಲಿ, ಗೊತ್ತಾಯಿತು. ಪಿಸ್ತೂಲಿನ ಮೇಲಿನ ಭಾಗ, ಅಂದರೆ ಸ್ಲೈಡ್, ಹಿಂದಕ್ಕೆ ಎಳೆದು ಬಿಟ್ಟರೆ ತಾನೇ ಮೊದಲ ಗುಂಡು ನಳಿಗೆಗೆ ಏರುವುದು. ಪಿಸ್ತೂಲು ಚಿಕ್ಕದಾದಷ್ಟೂ ಸ್ಲೈಡ್ ಹಗುರ. ಹಗುರ ಸ್ಲೈಡನ್ನು ಹತೋಟಿಯಲ್ಲಿ ಇಡಲು ಒಳಗೆ ಗಟ್ಟಿ ಸ್ಪ್ರಿಂಗ್ ಬೇಕು. ಆ ಗಟ್ಟಿ ಸ್ಪ್ರಿಂಗನ್ನು ಎಳೆಯಲು ಹಿಡಿಯುವ ಜಾಗವೋ ಎರಡು ಬೆರಳಿನಷ್ಟು. ನನ್ನ ಬೆರಳು ಬೆವರಿದ್ದರೆ ಜಾರುತ್ತಿತ್ತು. ಹೇಗೋ ಎಳೆದು ಹೊಡೆದರೆ, ಒದ್ದ ರಭಸಕ್ಕೆ ಹಿಡಿ ಅಂಗೈಯಲ್ಲೇ ತಿರುಗಿಬಿಡುತ್ತಿತ್ತು. ಎರಡನೇ ಗುಂಡಿಗೆ ಮತ್ತೆ ಹಿಡಿತ ಸರಿ ಮಾಡಿಕೊಳ್ಳಬೇಕು. ನಾಲ್ಕನೇ ಗುಂಡಿಗೆ ಸಿಕ್ಕಿಹಾಕಿಕೊಂಡಿತು. ಖಾಲಿ ತೋಟಾ ಪೂರ್ತಿ ಹೊರಗೆ ಹಾರದೆ, ಸ್ಲೈಡ್ ಬಾಯಲ್ಲಿ ಹೊಗೆಕೊಳವೆ ಥರ ನೆಟ್ಟಗೆ ನಿಂತಿತ್ತು. ಮಣಿಕಟ್ಟು ಗಟ್ಟಿ ಹಿಡಿಯದಿದ್ದರೆ ಹೀಗಾಗುತ್ತದೆ ಅಂತ ಪಕ್ಕದಲ್ಲಿದ್ದವರು ತೋರಿಸಿಕೊಟ್ಟರು. ಸರಿ, ಗಟ್ಟಿ ಹಿಡಿದೆ. ಒಮ್ಮೆ ಸರಿಯಾಗುತ್ತಿತ್ತು, ಒಮ್ಮೆ ಇಲ್ಲ. ಐವತ್ತು ಗುಂಡಿನ ಡಬ್ಬ ಮುಗಿಯುವ ಹೊತ್ತಿಗೆ ಹೆಬ್ಬೆರಳಿನ ಸಂದಿಯ ಚರ್ಮ ಕಿತ್ತಿತ್ತು. ಮನೆಗೆ ಬಂದು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತಾಗ ಒಂದು ಮಾತು ಖಾತ್ರಿಯಾಯಿತು. ಹಗಲು ಬೆಳಕಿನಲ್ಲಿ, ಯಾರ ಹೆದರಿಕೆಯೂ ಇಲ್ಲದೆ, ನೆಮ್ಮದಿಯಾಗಿ ನಿಂತು ಹೊಡೆಯಲು ಆಗದ್ದು ಕತ್ತಲಲ್ಲಿ ಕೈ ನಡುಗುವಾಗ ಆಗುತ್ತದೆ ಅಂತ ನಂಬಿಕೊಂಡು ಓಡಾಡುವುದು, ಬಂದೂಕೇ ಇಲ್ಲದೆ ಓಡಾಡುವುದಕ್ಕಿಂತ ಕೆಟ್ಟದ್ದು.

ಆಮೇಲೆ ಬುದ್ಧಿ ಬಂತು. ಇಲ್ಲಿನ ತುಂಬಾ ರೇಂಜ್‌ಗಳಲ್ಲಿ ಬಂದೂಕು ಬಾಡಿಗೆಗೆ ಕೊಡುತ್ತಾರೆ. ವಾರಕ್ಕೊಂದು ಸಲ ಹೋಗಿ, ಒಂದೊಂದೇ ಬಾಡಿಗೆಗೆ ತಗೊಂಡು ಹೊಡೆದು ನೋಡಿದೆ. ಪರೀಕ್ಷೆ ಒಂದೇ. ಏಳು ಗಜ ದೂರದಲ್ಲಿ ಊಟದ ಕಾಗದದ ತಟ್ಟೆ. ಒಂದೇ ಸಮನೆ ಐದು ಗುಂಡು. ಐದೂ ತಟ್ಟೆಯ ಒಳಗೆ ಬೀಳಬೇಕು, ಅದೂ ಮೊದಲ ಸಲ ಅಲ್ಲ, ಕೈ ದಣಿದ ಮೇಲೆ ಕೊನೆಯ ಸಲ.

ರೂಗರ್ ಎಲ್‌ಸಿಪಿ ಮ್ಯಾಕ್ಸ್ ಎಲ್ಲರೂ ಮೊದಲು ಹೇಳುವ ಹೆಸರು. ಮೂಲ ಎಲ್‌ಸಿಪಿ 2008ರಲ್ಲಿ ಬಂತು, ಈ ಮ್ಯಾಕ್ಸ್ 2021ರಲ್ಲಿ. ಪಾಯಿಂಟ್ 380, ಮ್ಯಾಗಜೀನಿನಲ್ಲಿ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಹತ್ತು ಗುಂಡು, ಖಾಲಿ ತೂಕ ಸುಮಾರು 300 ಗ್ರಾಂ, ದಪ್ಪ ಎರಡು ಸೆಂಟಿಮೀಟರ್ ಅಷ್ಟೇ. ಅಷ್ಟು ಚಿಕ್ಕದರಲ್ಲಿ ಹತ್ತು ಗುಂಡು ಹಿಡಿಸಿದ್ದು ನಿಜಕ್ಕೂ ಜಾಣತನ. ಮುಂದಿನ ಗುರಿಕಡ್ಡಿಯೂ ಹಳೆಯದಕ್ಕಿಂತ ಎಷ್ಟೋ ಚೆನ್ನಾಗಿ ಕಾಣುತ್ತದೆ. ಬೆರಳಿನಲ್ಲಿ ಬಲ ಇದ್ದು, ತಿಂಗಳಿಗೊಮ್ಮೆ ಅಭ್ಯಾಸ ಮಾಡುವವರಿಗೆ ಇದು ಒಳ್ಳೆಯ ಆಯ್ಕೆ. ಬೇಸಿಗೆಯಲ್ಲಿ ತೆಳು ಬಟ್ಟೆ ಹಾಕುವವರಿಗಂತೂ ಇದರಷ್ಟು ಅಡಗುವ ಇನ್ನೊಂದನ್ನು ನಾನು ನೋಡಿಲ್ಲ.

ಸಿಗ್ ಪಿ365 ಹೊಡೆಯಲು ಬಲು ಹಿತ. 2018ರಲ್ಲಿ ಬಂದದ್ದು, 9 ಎಂಎಂ, ಹತ್ತು ಪ್ಲಸ್ ಒಂದು, ಅಂದರೆ ಮ್ಯಾಗಜೀನಿನಲ್ಲಿ ಹತ್ತು, ನಳಿಗೆಯಲ್ಲಿ ಒಂದು. ನನ್ನ ಐದು ಗುಂಡೂ ತಟ್ಟೆಯ ನಡುವೆಯೇ ಬಿದ್ದವು. ಹಾಗಿದ್ದರೆ ಅದನ್ನೇ ಯಾಕೆ ಕೊಳ್ಳಲಿಲ್ಲ? ಖಾಲಿಯೇ ಅರ್ಧ ಕೆಜಿ ಇದೆ. ಗುಂಡು ತುಂಬಿದರೆ ಇನ್ನೂ ಜಾಸ್ತಿ. ಸೊಂಟದ ಬೆಲ್ಟಿಗೆ ಇದು ಸಣ್ಣದು, ಜೇಬಿಗೆ ಮಾತ್ರ ದೊಡ್ಡದು. ನನ್ನ ಪ್ಯಾಂಟಿನ ಜೇಬಿನಲ್ಲಿ ಅದರ ಚೌಕನೆಯ ಹಿಂಭಾಗ ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ಬೆಲ್ಟ್ ಕಟ್ಟುವವರು ಕಣ್ಣು ಮುಚ್ಚಿ ಇದನ್ನು ತಗೋಬಹುದು. ನಾನು ದಿನವಿಡೀ ಬಗ್ಗಿ ಅಕ್ಕಿ ಮೂಟೆ ಎಳೆಯುವವಳು, ಸೊಂಟದಲ್ಲಿ ಏನು ಸಿಕ್ಕಿಸಿಕೊಂಡರೂ ಹೊಟ್ಟೆಗೆ ಒತ್ತುತ್ತದೆ.

ಉಳಿದದ್ದು ರಿವಾಲ್ವರ್, ಅಂದರೆ ಸ್ಲೈಡ್ ಇಲ್ಲದ, ತಿರುಗುವ ಸಿಲಿಂಡರಿನ ತೂತುಗಳಲ್ಲಿ ಗುಂಡು ಕೂರುವ ಬಂದೂಕು. ನಿಜ ಹೇಳಬೇಕೆಂದರೆ ಅದು ಹಳೇ ಕಾಲದ್ದು ಅಂತ ನಾನು ಅದರ ಕಡೆ ನೋಡಿಯೇ ಇರಲಿಲ್ಲ. ಸ್ಮಿತ್ ಆ್ಯಂಡ್ ವೆಸನ್‌ನವರ ಜೆ ಫ್ರೇಮ್ 1950ರಿಂದ ಇದೆ. ಅದರ 642 ಮಾದರಿ ಜೇಬಿನ ರಿವಾಲ್ವರ್‌ಗಳಲ್ಲಿ ತುಂಬಾ ಹೆಸರು ಮಾಡಿದ್ದು. ಐದು ಗುಂಡು, ಪಾಯಿಂಟ್ 38 ಸ್ಪೆಷಲ್, 400 ಗ್ರಾಮಿಗೆ ಸ್ವಲ್ಪ ಹೆಚ್ಚು. ಹ್ಯಾಮರ್, ಅಂದರೆ ಗುಂಡು ಹಾರಲು ಹಿಂದಿನಿಂದ ಬಡಿಯುವ ಕೊಕ್ಕೆ, ಹೊರಗೆ ಕಾಣುವುದೇ ಇಲ್ಲ, ಚೌಕಟ್ಟಿನ ಒಳಗೆ ಇದೆ. ಜೇಬಿಗೆ ಇದು ಮುಖ್ಯ. ಹೊರಗೆ ಕೊಕ್ಕೆ ಇದ್ದರೆ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. 642 ನನಗೆ ಇಷ್ಟವಾಯಿತು, ಆದರೆ ಅದರ ಟ್ರಿಗರ್ ಎಳೆತ ಕೊನೆಯಲ್ಲಿ ಭಾರ ಆಗುತ್ತಾ ಹೋಗುತ್ತದೆ. ಬಾವಿಯಿಂದ ಕೊಡ ಸೇದುವಾಗ ನೀರಿನಿಂದ ಕೊಡ ಮೇಲೆದ್ದ ತಕ್ಷಣ ಹಗ್ಗ ಜಗ್ಗುತ್ತದಲ್ಲ, ಆ ಥರ.

ಅದರ ಪಕ್ಕದಲ್ಲೇ ಇದ್ದದ್ದು ರೂಗರ್ ಎಲ್‌ಸಿಆರ್. ನೋಡಲು ಏನೂ ಚಂದ ಇಲ್ಲ. ಅರ್ಧ ಲೋಹ, ಅರ್ಧ ಪ್ಲಾಸ್ಟಿಕ್. ಮೇಲಿನ ಚೌಕಟ್ಟು ಅಲ್ಯೂಮಿನಿಯಂ, ತಿರುಗುವ ಸಿಲಿಂಡರ್ ಸ್ಟೇನ್‌ಲೆಸ್ ಸ್ಟೀಲ್, ಟ್ರಿಗರ್ ಕೂರುವ ಕೆಳಭಾಗ ಪಾಲಿಮರ್. 2009ರಲ್ಲಿ ಇದು ಬಂದಾಗ ಪ್ಲಾಸ್ಟಿಕ್ ರಿವಾಲ್ವರ್ ಅಂತ ಜನ ಮೂಗು ಮುರಿದರಂತೆ. ಪಾಯಿಂಟ್ 38ರ ಮಾದರಿ 383 ಗ್ರಾಂ, ನಳಿಗೆ ಎರಡು ಇಂಚಿಗೂ ಕಡಿಮೆ, ಐದು ಗುಂಡು. ಇದರಲ್ಲೂ ಹ್ಯಾಮರ್ ಒಳಗೇ. ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಗೋಡೆ ಕಡೆ ಹಿಡಿದು ಟ್ರಿಗರ್ ಎಳೆದೆ. ಮೊದಲಿಂದ ಕೊನೆವರೆಗೆ ಒಂದೇ ಸಮ. ಎಲ್ಲೂ ಗಂಟಿಲ್ಲ, ಎಲ್ಲೂ ಜಗ್ಗಾಟ ಇಲ್ಲ. ಒಳಗೆ ಉಜ್ಜಾಟ ಕಡಿಮೆ ಮಾಡುವ ಕ್ಯಾಮ್ ಅನ್ನುವ ಒಂದು ಬಿಡಿಭಾಗ ಇಟ್ಟಿದ್ದಾರೆ, ಅದರ ಕೆಲಸ ಇದು. ಎಳೆತ ಉದ್ದವೇ, ಹಗುರವೂ ಅಲ್ಲ, ಆದರೆ ನನ್ನ ಬೆರಳಿಗೆ ಸಾಧ್ಯ. ಜೇಬಿನಲ್ಲಿ ಇಡುವುದಕ್ಕೆ ಉದ್ದ ಎಳೆತವೇ ಒಳ್ಳೆಯದು ಕೂಡ. ಕೈತಪ್ಪಿ ಸುಮ್ನೆ ಹಾರುವುದಿಲ್ಲ.

ಒದೆಯುತ್ತದಾ? ಒದೆಯುತ್ತದೆ. ಇಷ್ಟು ಹಗುರದ ಬಂದೂಕಿನಲ್ಲಿ ಪಾಯಿಂಟ್ 38 ಹೊಡೆದರೆ ಒದೆಯದೆ ಇರಲು ಸಾಧ್ಯವಿಲ್ಲ. ಆದರೆ ಇದಕ್ಕೆ ಕಂಪನಿಯಿಂದಲೇ ಬರುವ, ಹೋಗ್ (Hogue) ಬ್ರ್ಯಾಂಡಿನ ಹಿಡಿ ಮೆತ್ತಗೆ ರಬ್ಬರಿನದ್ದು. ಹೆಬ್ಬೆರಳಿನ ಸಂದಿಗೆ ಬರುವ ಪೆಟ್ಟನ್ನು ಅದು ಹೀರಿಕೊಳ್ಳುತ್ತದೆ. ಜೊತೆಗೆ ರೇಂಜಿನ ಹಿರಿಯರೊಬ್ಬರು ನನ್ನ ಕೈಗೆ 148 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ವಾಡ್‌ಕಟರ್ ಗುಂಡು ಕೊಟ್ಟರು. ಮೂತಿ ಚೂಪಾಗಿರದೆ ಚಪ್ಪಟೆ ಇರುವ, ಗುರಿ ಸ್ಪರ್ಧೆಗೆ ಬಳಸುವ ನಿಧಾನದ ಗುಂಡು ಅದು. ಕಾಗದದಲ್ಲಿ ಪಂಚಿಂಗ್ ಮಷಿನ್ ಹೊಡೆದ ಹಾಗೆ ದುಂಡನೆ ತೂತು ಬೀಳುತ್ತದೆ. ಅದನ್ನು ಹಾಕಿ ಹೊಡೆದರೆ ಒದೆತ ಅರ್ಧಕ್ಕರ್ಧ ಇಳಿದ ಹಾಗೆ ಅನಿಸಿತು. ಐದರಲ್ಲಿ ಐದೂ ತಟ್ಟೆಯೊಳಗೆ. ಮತ್ತೆ ಐದು. ಮತ್ತೆ ಐದು. ಮೂರನೇ ತಟ್ಟೆಯನ್ನು ಮನೆಗೆ ತಂದು ಗಂಡನಿಗೆ ತೋರಿಸಿದೆ.

540 ಡಾಲರ್ ಕೊಟ್ಟೆ, ಮೇಲೆ ತೆರಿಗೆ. ಮೊದಲಿನ ಪಿಸ್ತೂಲನ್ನು ಮಾರಿದಾಗ ಅರ್ಧ ಬೆಲೆಯೂ ಬರಲಿಲ್ಲ.

ಇನ್ನು ಜೇಬಿನ ವಿಷಯ. ಬಂದೂಕಿನ ಬಗ್ಗೆ ಪುಟಗಟ್ಟಲೆ ಮಾತಾಡುವವರು ಜೇಬಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಹೆಂಗಸರ ಪ್ಯಾಂಟಿನ ಜೇಬು ನೋಡಿದ್ದೀರಲ್ಲ, ನಾಲ್ಕು ಬೆರಳು ಇಳಿದರೆ ಹೆಚ್ಚು. ಚೂಡಿದಾರದ ಪಕ್ಕದ ಜೇಬಿನಲ್ಲಿ ಹಾಕಿದರೆ ಬಟ್ಟೆ ಒಂದು ಕಡೆ ಜೋತು ಬೀಳುತ್ತದೆ, ನಡೆದರೆ ಗಡಿಯಾರದ ಲೋಲಕದ ಹಾಗೆ ತೊಡೆಗೆ ಬಡಿಯುತ್ತದೆ. ಕೊನೆಗೆ ನಾನು ಗಂಡಸರ ಕಾಟನ್ ಪ್ಯಾಂಟ್ ಮೂರು ಜೊತೆ ತಂದು, ಬಲಗಡೆ ಜೇಬಿನ ಒಳಚೀಲ ಬಿಚ್ಚಿ, ಹಳೇ ಜೀನ್ಸ್ ಬಟ್ಟೆಯಿಂದ ಒಂದು ಇಂಚು ಆಳ ಜಾಸ್ತಿ ಇಟ್ಟು ಹೊಲಿದೆ. ಬಾಯಿಯ ಅಂಚಿಗೆ ಎರಡು ಸಲ ಹೊಲಿಗೆ. ಅಷ್ಟು ಮಾಡಿದ ಮೇಲೆ ದಿನವಿಡೀ ಇದ್ದರೂ ಭಾರ ಅನಿಸುವುದಿಲ್ಲ. ಎಲ್‌ಸಿಆರ್‌ನ ಸಿಲಿಂಡರ್ ದಪ್ಪ, ಮೂರು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಆದರೆ ಅದು ದುಂಡಗೆ ಇರುವುದರಿಂದ ಹೊರಗಿಂದ ನೋಡಿದರೆ ಕರವಸ್ತ್ರ ಮುದುರಿ ಇಟ್ಟ ಹಾಗೆ ಕಾಣುತ್ತದೆ.

ಜೇಬಿನ ಒಳಗೆ ಹೋಲ್‌ಸ್ಟರ್, ಅಂದರೆ ಬಂದೂಕು ಕೂರುವ ಕವಚ, ಕಡ್ಡಾಯ. ಇದನ್ನು ಮಾತ್ರ ನಾನು ಯಾರಿಗಾದರೂ ಒತ್ತಿ ಒತ್ತಿ ಹೇಳುತ್ತೇನೆ. ಬರೀ ಬಂದೂಕನ್ನು ಜೇಬಿಗೆ ಹಾಕಿಕೊಂಡು ಓಡಾಡುವವರನ್ನು ನೋಡಿದ್ದೇನೆ, ಅದೇ ಜೇಬಿನಲ್ಲಿ ಕಾರಿನ ಕೀ, ಪೆನ್ನು, ಚಿಲ್ಲರೆ. ಒಂದು ಕೀ ಟ್ರಿಗರ್ ಬಳೆಯ ಒಳಗೆ ತೂರಿದರೆ ಸಾಕು. ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚುತ್ತದೆ, ಹಿಡಿ ಯಾವಾಗಲೂ ಮೇಲ್ಮುಖವಾಗಿ ಇರುವ ಹಾಗೆ ನೋಡಿಕೊಳ್ಳುತ್ತದೆ, ಬಂದೂಕಿನ ಆಕಾರ ಹೊರಗೆ ಕಾಣದ ಹಾಗೆ ಮರೆಸುತ್ತದೆ. ನನ್ನದು ಡಿಸ್ಯಾಂಟಿಸ್ ನೆಮೆಸಿಸ್. ಹೊರಮೈ ಅಂಟಂಟು ಬಟ್ಟೆ, ಒಳಮೈ ನುಣುಪು. ಹಾಗಾಗಿ ಎಳೆದಾಗ ಬಂದೂಕು ಬರುತ್ತದೆ, ಹೋಲ್‌ಸ್ಟರ್ ಜೇಬಿಗೆ ಕಚ್ಚಿಕೊಂಡು ಅಲ್ಲೇ ಉಳಿಯುತ್ತದೆ. ಆ ಜೇಬಿನಲ್ಲಿ ಬೇರೆ ಏನೂ ಇಲ್ಲ, ಒಂದು ರಸೀದಿ ಚೀಟಿ ಕೂಡ ಇಲ್ಲ. ಬಂದೂಕನ್ನು ವಾಪಸ್ ಇಡುವಾಗ ಮೊದಲು ಹೋಲ್‌ಸ್ಟರನ್ನು ಜೇಬಿನಿಂದ ಹೊರಗೆ ತೆಗೆದು, ಕಣ್ಣಾರೆ ನೋಡುತ್ತಾ ಅದರೊಳಗೆ ಬಂದೂಕು ಇಟ್ಟು, ಆಮೇಲೆ ಎರಡನ್ನೂ ಸೇರಿಸಿ ಜೇಬಿಗೆ. ಜೇಬಿನ ಒಳಗೆ ತಡಕಾಡುತ್ತಾ ತೂರಿಸಬಾರದು.

ತೆಗೆಯುವುದಕ್ಕೂ ಒಂದು ಉಪಾಯ ಇದೆ. ಜೇಬಿನೊಳಗೆ ಹಿಡಿಯನ್ನು ಪೂರ್ತಿ ಮುಷ್ಟಿ ಕಟ್ಟಿ ಹಿಡಿದರೆ, ಆ ಮುಷ್ಟಿ ಜೇಬಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಡಬ್ಬದೊಳಗೆ ಕೈ ಹಾಕಿ ಹಿಡಿ ತುಂಬಾ ಕಡಲೆಕಾಯಿ ತಗೊಂಡ ಹಾಗೆ. ಹೆಬ್ಬೆರಳನ್ನು ಬಂದೂಕಿನ ಬೆನ್ನ ಮೇಲೆ ಚಪ್ಪಟೆಯಾಗಿ ಇಟ್ಟರೆ ಕೈ ತೆಳ್ಳಗಾಗಿ ಸಲೀಸಾಗಿ ಹೊರಗೆ ಬರುತ್ತದೆ. ಹ್ಯಾಮರ್ ಒಳಗಿರುವ ರಿವಾಲ್ವರ್‌ನ ದುಂಡು ಬೆನ್ನು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೋರುಬೆರಳು ಹೊರಗಡೆ ನೆಟ್ಟಗೆ, ಟ್ರಿಗರ್‌ನಿಂದ ದೂರ. ರಾತ್ರಿ ಹಿಂದಿನ ಬಾಗಿಲು ತೆಗೆಯುವಾಗ ನನ್ನ ಬಲಗೈ ಜೇಬಿನಲ್ಲೇ ಇರುತ್ತದೆ. ನೋಡಿದವರಿಗೆ ಸುಮ್ನೆ ಜೇಬಿಗೆ ಕೈ ಹಾಕಿಕೊಂಡು ನಡೆಯುತ್ತಿದ್ದಾಳೆ ಅನಿಸುತ್ತದೆ. ಜೇಬಿನ ಬಂದೂಕಿನ ನಿಜವಾದ ಲಾಭ ಇದು, ಸೊಂಟದ ಬಂದೂಕಿಗೆ ಇದು ಇಲ್ಲ. ಆದರೆ ಕಾರಿನಲ್ಲಿ ಕೂತ ಮೇಲೆ ಆ ಲಾಭ ಹೋಯಿತು. ತೊಡೆ ಮಡಚಿ, ಸೀಟ್ ಬೆಲ್ಟ್ ಹಾಕಿದರೆ ಜೇಬಿನಿಂದ ಬೇಗ ತೆಗೆಯಲು ಆಗುವುದೇ ಇಲ್ಲ. ಅದಕ್ಕೆ ಕೂತ ತಕ್ಷಣ ಮೊದಲು ಬಾಗಿಲು ಲಾಕ್, ಆಮೇಲೆ ಕಾರು ಸ್ಟಾರ್ಟ್, ಹೊರಡು. ಫೋನು ನೋಡುವುದೆಲ್ಲ ಮುಖ್ಯ ರಸ್ತೆಗೆ ಬಂದ ಮೇಲೆ.

ಎಷ್ಟು ಬೇಗ ತೆಗೆಯಬೇಕು? 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ಒಂದು ಲೆಕ್ಕ ಬರೆದರು. ಇಪ್ಪತ್ತೊಂದು ಅಡಿ ದೂರದಿಂದ ಓಡಿ ಬರುವವನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ನಮ್ಮ ಮೈಮೇಲೆ ಇರುತ್ತಾನೆ. ಇಪ್ಪತ್ತೊಂದು ಅಡಿ ಅಂದರೆ ನಮ್ಮ ಹಿಂದಿನ ಬಾಗಿಲಿಂದ ಆ ಕಸದ ಡಬ್ಬಿಯವರೆಗೆ, ನಾನು ಟೇಪ್ ಹಿಡಿದು ಅಳೆದಿದ್ದೇನೆ. ಅದು ಗೊತ್ತಾದ ಮೇಲೆ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಕಟ್ಟಡದ ಮಾಲೀಕರ ಬೆನ್ನು ಬಿದ್ದು ಇನ್ನೆರಡು ದೀಪ ಹಾಕಿಸಿದ್ದು, ಕಾರನ್ನು ಬಾಗಿಲ ಪಕ್ಕಕ್ಕೆ ತಂದು ನಿಲ್ಲಿಸಲು ಶುರು ಮಾಡಿದ್ದು. ನಲವತ್ತು ಹೆಜ್ಜೆ ಈಗ ಹನ್ನೆರಡು. ಕಾಸಿನ ಲೆಕ್ಕದಲ್ಲಿ ಬಂದೂಕಿಗಿಂತ ಆ ದೀಪಗಳೇ ಹೆಚ್ಚು ಕೆಲಸ ಮಾಡಿವೆ ಅಂತ ನನ್ನ ನಂಬಿಕೆ.

ಮನೆಯಲ್ಲಿ ವಾರಕ್ಕೆ ಮೂರು ದಿನ, ಹತ್ತು ನಿಮಿಷ ಅಭ್ಯಾಸ. ನಿಜವಾದ ಗುಂಡೆಲ್ಲ ಬೇರೆ ಕೋಣೆಯಲ್ಲಿ. ರಿವಾಲ್ವರ್‌ನಲ್ಲಿ ಕೆಂಪು ಬಣ್ಣದ ಡಮ್ಮಿ ತೋಟಾ. ತೆಗೆ, ಗುರಿ ಹಿಡಿ, ನಿಧಾನಕ್ಕೆ ಎಳೆ. ಮುಂದಿನ ಗುರಿಕಡ್ಡಿ ಕಪ್ಪಾಗಿತ್ತು, ಸಂಜೆ ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ಮೊದಲು ಬಿಳಿ, ಅದು ಒಣಗಿದ ಮೇಲೆ ಅದರ ಮೇಲೆ ಕಿತ್ತಳೆ ಬಣ್ಣದ ನೇಲ್ ಪಾಲಿಶ್ ಎರಡು ಸಲ ಹಚ್ಚಿದೆ. ಈಗ ಕೈ ಎತ್ತಿದ ತಕ್ಷಣ ಆ ಚುಕ್ಕೆ ಕಣ್ಣಿಗೆ ಹೊಡೆಯುತ್ತದೆ. ಎರಡು ತಿಂಗಳಿಗೊಮ್ಮೆ ಸವೆಯುತ್ತದೆ, ಮತ್ತೆ ಹಚ್ಚುತ್ತೇನೆ.

ಗುಂಡಿನ ಆಯ್ಕೆ ಬಗ್ಗೆ ಜಗಳ ಆಡುವವರು ತುಂಬಾ. ಇಷ್ಟು ಗಿಡ್ಡ ನಳಿಗೆಯಿಂದ ಹೊರಡುವ ಗುಂಡಿಗೆ ವೇಗ ಕಡಿಮೆ. ಅದಕ್ಕೇ ಬಡಿದಾಗ ಅರಳಲಿ ಅಂತ ಮಾಡಿದ, ತುದಿ ಟೊಳ್ಳಾದ ಗುಂಡು ಎಷ್ಟೋ ಸಲ ಅರಳುವುದೇ ಇಲ್ಲ. ಗಿಡ್ಡ ನಳಿಗೆಗೆ ಅಂತಲೇ ಸ್ಪೀರ್‌ನವರು 135 ಗ್ರೇನಿನ ಗೋಲ್ಡ್ ಡಾಟ್ ಮಾಡುತ್ತಾರೆ, ಒಳ್ಳೆಯ ಹೆಸರಿದೆ, ಆದರೆ ಅದು ಪ್ಲಸ್ ಪಿ, ಅಂದರೆ ಮಾಮೂಲಿಗಿಂತ ಹೆಚ್ಚು ಒತ್ತಡದ್ದು, ನನ್ನ ಕೈಗೆ ಜಾಸ್ತಿಯಾಯಿತು. ನಾನು ವಾಡ್‌ಕಟರ್‌ನಲ್ಲೇ ನಿಂತೆ. ಅದರದ್ದು ಒಂದೇ ತೊಂದರೆ, ಮೂತಿ ಚಪ್ಪಟೆ ಇರುವುದರಿಂದ ಅವಸರದಲ್ಲಿ ಸಿಲಿಂಡರ್ ತೂತಿಗೆ ಇಳಿಸುವುದು ಕಷ್ಟ. ಅದಕ್ಕೆ ಎಡ ಜೇಬಿನ ರಬ್ಬರ್ ಪಟ್ಟಿಯಲ್ಲಿ ಮೂತಿ ದುಂಡಗಿರುವ ಬೇರೆ ಐದು ಗುಂಡು ಇಟ್ಟುಕೊಂಡಿದ್ದೇನೆ.

ಜೇಬಿನಲ್ಲಿ ಇರುವುದು ಅಂದರೆ ಕೊಳೆಯಲ್ಲಿ ಇರುವುದು ಅಂತಲೇ ಅರ್ಥ. ನನ್ನದರಲ್ಲಿ ಬಟ್ಟೆ ನೂಲಿನ ಜೊತೆಗೆ ರಾಗಿ ಹಿಟ್ಟು ಬೇರೆ. ಮೊದಲ ತಿಂಗಳ ಕೊನೆಯಲ್ಲಿ ಸಿಲಿಂಡರ್ ಹೊರಗೆ ತೆಗೆದು ನೋಡಿದರೆ, ಹಿಂಭಾಗದ ನಕ್ಷತ್ರದಂಥ ಹಲ್ಲುಗಳ ಸಂದಿಯಲ್ಲಿ ಎಣ್ಣೆ ಮತ್ತು ಹಿಟ್ಟು ಸೇರಿ ಕಂದು ಬಣ್ಣದ ಪೇಸ್ಟ್ ಆಗಿತ್ತು. ಆವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಗುಂಡು ತೆಗೆದು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಎಣ್ಣೆ ಒಂದೇ ಹನಿ, ಅದೂ ಸಿಲಿಂಡರ್ ತಿರುಗುವ ಕಡ್ಡಿಗೆ ಮಾತ್ರ. ಎಣ್ಣೆ ಜಾಸ್ತಿಯಾದಷ್ಟೂ ಹಿಟ್ಟು ಹಿಡಿಯುತ್ತದೆ. ಹ್ಯೂಸ್ಟನ್ ಸೆಕೆಗೆ ತೊಡೆಯ ಬೆವರು ಹೋಲ್‌ಸ್ಟರ್ ದಾಟಿ ಬರುತ್ತದೆ, ಆದರೂ ಹದಿನಾಲ್ಕು ತಿಂಗಳಲ್ಲಿ ಎಲ್ಲೂ ತುಕ್ಕು ಹಿಡಿದಿಲ್ಲ. ಇಲ್ಲಿಯವರೆಗೆ ಸುಮಾರು ಒಂಬೈನೂರು ಗುಂಡು ಹೊಡೆದಿದ್ದೇನೆ. ಒಂದೂ ಸಿಕ್ಕಿಕೊಂಡಿಲ್ಲ.

ಕಾನೂನು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಇಪ್ಪತ್ತೊಂದು ತುಂಬಿದ ಮತ್ತು ಬಂದೂಕು ಹೊಂದಲು ಕಾನೂನಿನ ಅಡ್ಡಿ ಇಲ್ಲದವರು ಲೈಸೆನ್ಸ್ ಇಲ್ಲದೆಯೂ ಇಟ್ಟುಕೊಂಡು ಓಡಾಡಬಹುದು. ಆದರೂ ನಾನು ಲೈಸೆನ್ಸ್ ಮಾಡಿಸಿದೆ. ಅರ್ಜಿಗೆ 40 ಡಾಲರ್. ಮೂರು, ಏಳು, ಹದಿನೈದು ಗಜದಿಂದ ಒಟ್ಟು ಐವತ್ತು ಗುಂಡಿನ ಪರೀಕ್ಷೆ, 250ಕ್ಕೆ 175 ಬಂದರೆ ಪಾಸು. ಎಲ್ಲಿ ಒಯ್ಯಬಾರದು ಅನ್ನುವುದು ಆ ತರಗತಿಯಲ್ಲಿ ಸರಿಯಾಗಿ ಗೊತ್ತಾಯಿತು. ಬಾಗಿಲಲ್ಲಿ ಕೆಂಪು ಅಕ್ಷರದಲ್ಲಿ 51 ಪರ್ಸೆಂಟ್ ಅಂತ ಬೋರ್ಡು ಇರುವ ಬಾರ್, 30.06 (ಬಂದೂಕು ಮರೆಮಾಡಿ ತರಬಾರದು ಅನ್ನುವ ಕಾನೂನಿನ ಕಲಂ) ಅಂತ ಬರೆದಿರುವ ಕಟ್ಟಡ, ಇಂಥವು. ರಾಜ್ಯ ದಾಟಿದರೆ ಕಾನೂನೂ ಬದಲು. ಟೆಕ್ಸಸ್‌ನ ಲೈಸೆನ್ಸಿಗೆ ನ್ಯೂಯಾರ್ಕ್‌ನಲ್ಲಿ ಬೆಲೆ ಇಲ್ಲ.

ನಮ್ಮವರಿಗೆ ಬೇಕಾದ ಮುಖ್ಯ ಮಾತು ಬೇರೆ ಇದೆ. ಎಚ್‌1ಬಿ ವೀಸಾ, ವಿದ್ಯಾರ್ಥಿ ವೀಸಾ ಮೇಲೆ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ಆದರೆ ಯಾರೋ ಹೇಳಿದರು ಅಂತ ನಂಬಿ ಹೋಗಬೇಡಿ, ವಕೀಲರನ್ನು ಕೇಳಿ. ರಾಜ್ಯದ ಕಾನೂನು ಎಷ್ಟೇ ಸಡಿಲ ಇದ್ದರೂ ಇದು ಸಡಿಲ ಆಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು, ಅದರಲ್ಲಿ ಸುಳ್ಳು ಬರೆದರೆ ಅದೇ ದೊಡ್ಡ ಅಪರಾಧ. ಕೊಳ್ಳುವ ಹಕ್ಕು ಇಲ್ಲದವರಿಗಾಗಿ ಹಕ್ಕು ಇರುವವರು ಕೊಂಡು ಕೊಡುವುದೂ ಅಪರಾಧವೇ. ಸಹಾಯ ಮಾಡೋಣ ಅಂತ ಹೋಗಿ ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡನ್ನೇ ಕಳೆದುಕೊಳ್ಳಬೇಡಿ.

ವಿಮಾನದ್ದೂ ಹೇಳಿಬಿಡುತ್ತೇನೆ. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,737 ಬಂದೂಕು ಸಿಕ್ಕವು, ಬಹುಪಾಲು ಗುಂಡು ತುಂಬಿದ್ದವೇ. ಸಿಕ್ಕವರಲ್ಲಿ ತುಂಬಾ ಜನ ಹೇಳುವುದು ಒಂದೇ, ಮರೆತುಹೋಗಿತ್ತು ಅಂತ. ಜೇಬಿನ ಬಂದೂಕು ಮರೆಯುವುದು ಸುಲಭ, ಅದು ಇರುವುದೇ ಗೊತ್ತಾಗದ ಹಾಗೆ ಇರಲಿ ಅಂತಲೇ ಅಲ್ವಾ ನಾವು ಅದನ್ನು ಆರಿಸಿದ್ದು. ಊರಿಗೆ ಹೋಗುವಾಗ ಇನ್ನೂ ಎಚ್ಚರ ಬೇಕು. ಚೀಲದ ಸಂದಿಯಲ್ಲಿ ಒಂದೇ ಒಂದು ತೋಟಾ ಉಳಿದಿದ್ದರೂ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಬೀಳುತ್ತದೆ. ರೇಂಜಿಗೆ ಒಯ್ಯುವ ಚೀಲವೇ ನಮ್ಮ ಮನೆಯಲ್ಲಿ ಬೇರೆ, ಹಳದಿ ಬಣ್ಣದ್ದು. ಅದು ಗ್ಯಾರೇಜ್ ದಾಟಿ ಮನೆಯೊಳಗೆ ಬರುವುದಿಲ್ಲ, ಅದರಲ್ಲಿ ಬಟ್ಟೆ ತುಂಬುವುದಿಲ್ಲ.

ಮಗಳಿಗೆ ಹನ್ನೊಂದು ವರ್ಷ. ಮನೆಗೆ ಬಂದ ತಕ್ಷಣ ರಿವಾಲ್ವರ್ ಹೋಲ್‌ಸ್ಟರ್ ಸಮೇತ ಬೆರಳಚ್ಚಿನ ಸಣ್ಣ ತಿಜೋರಿಗೆ ಹೋಗುತ್ತದೆ. ಚಪ್ಪಲಿ ಬಿಡುವುದಕ್ಕೂ ಮೊದಲು. ಮಕ್ಕಳ ಕೈಗೆ ಸಿಗುವ ಹಾಗೆ ಗುಂಡು ತುಂಬಿದ ಬಂದೂಕು ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ, ಆದರೆ ಕಾನೂನು ಇರದಿದ್ದರೂ ನಾನು ಇದನ್ನೇ ಮಾಡುತ್ತಿದ್ದೆ. ತಿಜೋರಿಗೆ 130 ಡಾಲರ್ ಆಯಿತು. ಬಂದೂಕಿನ ಬಜೆಟ್ ಹಾಕುವಾಗ ಹೋಲ್‌ಸ್ಟರ್, ತಿಜೋರಿ, ಒಂದು ದಿನದ ತರಗತಿ, ಐನೂರು ಗುಂಡು ಇವನ್ನೂ ಸೇರಿಸಿ ಲೆಕ್ಕ ಹಾಕಿ. 540ರದ್ದು ಸಾವಿರದ ಹತ್ತಿರ ಹೋಗುತ್ತದೆ.

ಎಲ್‌ಸಿಆರ್‌ನಲ್ಲಿ ಕೊರತೆ ಇಲ್ಲವಾ ಅಂದರೆ ಇದೆ. ಐದೇ ಗುಂಡು. ಮತ್ತೆ ತುಂಬಲು ನನಗೆ ಹತ್ತು ಸೆಕೆಂಡಿನ ಮೇಲೆ ಬೇಕು, ಅಂದರೆ ನಿಜವಾದ ಹೊತ್ತಿನಲ್ಲಿ ಆ ಐದೇ ನನ್ನ ಪಾಲಿಗೆ. ಹಿಂದಿನ ಗುರಿಕಡ್ಡಿಯ ಜಾಗದಲ್ಲಿ ಚೌಕಟ್ಟಿನಲ್ಲೇ ಕೊರೆದ ಒಂದು ಗೀರು ಅಷ್ಟೇ, ಹದಿನೈದು ಗಜ ದಾಟಿದರೆ ನನ್ನಿಂದ ಆಗದು. ಬೆರಳಿನಲ್ಲಿ ಸಂಧಿವಾತ ಇರುವವರಿಗೆ ಈ ಟ್ರಿಗರ್ ಕೂಡ ಕಷ್ಟವೇ, ಅಂಥವರು ಮೊದಲು ಬಾಡಿಗೆಗೆ ತಗೊಂಡು ಎಳೆದು ನೋಡಲಿ. ಪಾಯಿಂಟ್ 38ರ ಗುಂಡಿನ ಬೆಲೆಯೂ 9 ಎಂಎಂಗಿಂತ ಜಾಸ್ತಿ, ತಿಂಗಳಿಗೊಮ್ಮೆ ಐವತ್ತು ಹೊಡೆದರೂ ಅಂಗಡಿ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಅದಕ್ಕೇ ಈಗ ಇದೇ ಎಲ್‌ಸಿಆರ್‌ನ ಪಾಯಿಂಟ್ 22 ಮಾದರಿಯ ಮೇಲೆ ಕಣ್ಣಿಟ್ಟಿದ್ದೇನೆ. ಅದೇ ಆಕಾರ, ಅದೇ ಹಿಡಿ, ಎಂಟು ಗುಂಡು, ಒದೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಗುಂಡಿನ ಬೆಲೆಯಂತೂ ಎಷ್ಟೋ ಕಮ್ಮಿ. ಅದು ಜೇಬಿಗಲ್ಲ, ಅಭ್ಯಾಸಕ್ಕೆ. ಮುಂದಿನ ಶನಿವಾರ ರೇಂಜ್‌ನಲ್ಲಿ ಬಾಡಿಗೆಗೆ ಸಿಗುತ್ತದಂತೆ. ಗಂಡನೂ ಬರುತ್ತೇನೆ ಅಂದಿದ್ದಾರೆ, ಕಾಗದದ ತಟ್ಟೆ ಒಂದು ಕಟ್ಟು ಅಂಗಡಿಯಿಂದಲೇ ತೆಗೆದಿಟ್ಟಿದ್ದೇನೆ.